ಉಸಿರಿನ ಕಾಯಿಲೆಗೆ ಮೊಬೈಲ್ ನೆರವು: ಆ್ಯಪ್‌ಗಿಂತ ಮೊದಲು ಯೋಜನೆ ಇರಲಿ

ಸಿಒಪಿಡಿ ಎಂಬ ದೀರ್ಘಕಾಲದ ಉಸಿರಿನ ಕಾಯಿಲೆ ಇರುವವರು ವೈದ್ಯರ ಎದುರು ಕೂರುವುದು ಎರಡು ಮೂರು ತಿಂಗಳಿಗೊಮ್ಮೆ, ಅದೂ ಹತ್ತೋ ಹದಿನೈದೋ ನಿಮಿಷ. ಉಳಿದ ಹೊತ್ತೆಲ್ಲ ಕಾಯಿಲೆಯನ್ನು ನೋಡಿಕೊಳ್ಳುವವರು ಅವರೇ, ಅವರ ಮನೆಯವರೇ. ಮೆಟ್ಟಿಲು ಹತ್ತುವಾಗ ಇವತ್ತು ದಮ್ಮು ಜಾಸ್ತಿಯಾಯಿತು, ಇದು ಚಳಿಗೋ ಸೋಂಕಿಗೋ? ಕಫದ ಬಣ್ಣ ಬದಲಾಗಿದೆ, ಎರಡು ದಿನ ಕಾದು ನೋಡಬಹುದೇ? ಪಂಪ್ (ಇನ್ಹೇಲರ್) ಇನ್ನೊಮ್ಮೆ ಹೊಡೆದುಕೊಂಡರೆ ತೊಂದರೆಯೇ? ಇಂಥ ಪ್ರಶ್ನೆಗಳು ಒಪಿಡಿಯ ಸಮಯ ನೋಡಿಕೊಂಡು ಬರುವುದಿಲ್ಲ. ಆ ಹೊತ್ತಿನಲ್ಲಿ ಕೈಯಳತೆಯಲ್ಲಿ ಇರುವುದು ಮೊಬೈಲ್ ಫೋನ್. ಹಾಗಾಗಿ ಅದರಲ್ಲೇ ಉತ್ತರ ಹುಡುಕುವುದು ಸಹಜ. ಆ್ಯಪ್ ಮಾಡುವವರು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮಾರುವವರು ಆಶ್ವಾಸನೆ ಕೊಡುವುದೂ ಸಹಜ. ಆದರೆ ಕಳೆದ ಎರಡು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಫೋನ್ ಎಷ್ಟು ಅಂಕಿ ದಾಖಲಿಸುತ್ತದೆ ಎಂಬುದರಿಂದ ರೋಗಿಗೆ ಆಗುವ ಲಾಭ ತೀರ ಕಡಿಮೆ. ಅಂಕಿ ಬದಲಾದಾಗ ಏನು ಮಾಡಬೇಕೆಂಬುದು ಮೊದಲೇ ಬರೆದಿಟ್ಟಿದ್ದರೆ, ಸಂದೇಹ ಬಂದಾಗ ಉತ್ತರ ಕೊಡುವ ಒಬ್ಬರು ಇದ್ದರೆ, ಆಗ ಅದೇ ಫೋನ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದಕ್ಕಾಗಿ ಮನೆಯಲ್ಲಿ ಏನೇನು ಸಿದ್ಧ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಯಿಲೆಯ ಸ್ವಭಾವ ಅರಿಯೋಣ

ಸಿಒಪಿಡಿ ಎಂದರೆ ಶ್ವಾಸನಾಳಗಳು ಬಹುಕಾಲದ ಹೊಗೆ, ದೂಳಿನಿಂದ ಊದಿಕೊಂಡು ಕಿರಿದಾಗುವುದು, ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಹಾಳಾಗುವುದು. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಹಾಗಾಗಿ ನಡೆದರೆ ಏದುಸಿರು, ವರ್ಷಗಟ್ಟಲೆ ಕೆಮ್ಮು, ಕಫ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ಇದರಿಂದ ಸತ್ತಿದ್ದಾರೆ. ಸಾವಿನ ಕಾರಣಗಳಲ್ಲಿ ಇದಕ್ಕೆ ನಾಲ್ಕನೇ ಸ್ಥಾನ. ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿಯಿದ್ದ ರೋಗಿಗಳ ಸಂಖ್ಯೆ 2016ರ ಹೊತ್ತಿಗೆ 5.5 ಕೋಟಿ ತಲುಪಿದೆ ಎಂದು ಜಾಗತಿಕ ರೋಗಭಾರ ಅಧ್ಯಯನ ಅಂದಾಜು ಮಾಡಿದೆ. ಇದನ್ನು ಬೀಡಿ, ಸಿಗರೇಟು ಸೇದುವ ಗಂಡಸರ ಕಾಯಿಲೆ ಎಂದು ತಿಳಿಯುವುದು ತಪ್ಪು. ಮೈಸೂರು ಭಾಗದ ಹಳ್ಳಿಗಳ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಲೆಯ ಮುಂದೆ ಕಳೆಯುವ ದಿನದ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿ ಹೊಗೆಯ ಲೆಕ್ಕ ಹಾಕಿತು. ಆ ಲೆಕ್ಕ 60 ದಾಟಿದವರಲ್ಲಿ ದೀರ್ಘಕಾಲದ ಕಫದ ಕಾಯಿಲೆಯ ಸಂಭವ ಎದ್ದು ಕಂಡಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಸೌದೆ, ಬೆರಣಿ ಉರಿಸಿ ಅಡುಗೆ ಮಾಡಿದರೆ ಈ ಲೆಕ್ಕ 60 ಆಗುತ್ತದೆ. ಬೀಡಿಯನ್ನು ಮುಟ್ಟಿಯೇ ನೋಡದ ಎಷ್ಟೋ ತಾಯಂದಿರು ಇದರೊಳಗೆ ಬರುತ್ತಾರೆ.

ಹಾಳಾದ ಗಾಳಿಚೀಲಗಳು ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ಕಾಯಿಲೆ ಕೆಡುವ ವೇಗವನ್ನು ತಗ್ಗಿಸಬಹುದು, ದಿನದ ಬದುಕನ್ನು ಹಗುರ ಮಾಡಿಕೊಳ್ಳಬಹುದು. ರೋಗಿಯನ್ನು ಹೆಚ್ಚು ಕುಗ್ಗಿಸುವುದು ನಡುನಡುವೆ ಬರುವ ಉಲ್ಬಣಗಳು. ದಮ್ಮು ಹೆಚ್ಚುವುದು, ಕಫದ ಪ್ರಮಾಣ ಹೆಚ್ಚುವುದು, ಬಿಳಿಯಾಗಿದ್ದ ಕಫ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗುವುದು ಇವು ಅದರ ಮೂರು ಮುಖ್ಯ ಲಕ್ಷಣಗಳು. ಒಂದೊಂದು ಉಲ್ಬಣವೂ ಶ್ವಾಸಕೋಶದ ಉಳಿದ ಶಕ್ತಿಯಲ್ಲಿ ಒಂದಷ್ಟನ್ನು ಕಸಿಯಬಹುದು, ಮತ್ತು ಒಮ್ಮೆ ಆಸ್ಪತ್ರೆ ಸೇರಿದವರು ಮತ್ತೆ ಸೇರುವ ಸಾಧ್ಯತೆ ಹೆಚ್ಚು. ಬೇಗ ಗುರುತಿಸಿ ಬೇಗ ಚಿಕಿತ್ಸೆ ಶುರುಮಾಡಿದವರು ಬೇಗ ಚೇತರಿಸಿಕೊಳ್ಳುತ್ತಾರೆ. ಆ ಬೇಗ ಗುರುತಿಸುವ ಕೆಲಸ ಮನೆಯಲ್ಲೇ ಆಗಬೇಕು. ತಜ್ಞರು ಸ್ವನಿರ್ವಹಣೆ ಎನ್ನುವುದರ ತಿರುಳು ಇಷ್ಟೇ: ತನ್ನ ಕಾಯಿಲೆಯ ಲಕ್ಷಣ ತಿಳಿದಿರುವುದು, ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುವುದು, ದೇಹವನ್ನು ಚಟುವಟಿಕೆಯಲ್ಲಿಡುವುದು, ಕೆಟ್ಟಾಗ ಏನು ಮಾಡಬೇಕೆಂದು ಅರಿತಿರುವುದು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ದೀರ್ಘಕಾಲದ ಏದುಸಿರಿಗೆ ಅಸ್ತಮಾ, ಹೃದಯದ ತೊಂದರೆ, ಹಿಂದೆ ಬಂದು ಹೋದ ಕ್ಷಯದ ಗಾಯ, ರಕ್ತಹೀನತೆ ಹೀಗೆ ಬೇರೆ ಕಾರಣಗಳೂ ಇರುತ್ತವೆ. ಸಿಒಪಿಡಿ ಹೌದೋ ಅಲ್ಲವೋ ಎಂದು ಖಚಿತವಾಗುವುದು ಊದಿ ಮಾಡುವ ಸ್ಪೈರೊಮೆಟ್ರಿ ಪರೀಕ್ಷೆಯಿಂದ. ಯಾವ ಆ್ಯಪ್ ಕೂಡ ಆ ಪರೀಕ್ಷೆಯ ಬದಲಿಗೆ ನಿಲ್ಲುವುದಿಲ್ಲ.

ಅಧ್ಯಯನಗಳು ಹೇಳುವುದೇನು

ದಿನವೂ ಅಳತೆ ಮಾಡಿ ಅಂಕಿಗಳನ್ನು ಆಸ್ಪತ್ರೆಗೆ ಕಳಿಸಿದರೆ ರೋಗಿ ಸುರಕ್ಷಿತ ಎಂಬ ನಂಬಿಕೆಯನ್ನು ಸ್ಕಾಟ್ಲೆಂಡಿನ ಲೋಥಿಯನ್ ಪ್ರಾಂತದಲ್ಲಿ ಕಟ್ಟುನಿಟ್ಟಾಗಿ ಪರೀಕ್ಷಿಸಲಾಯಿತು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಹಿಂದೊಮ್ಮೆ ಆಸ್ಪತ್ರೆ ಸೇರಿ ಬಂದಿದ್ದ 256 ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ಮನೆಗೆ ಟಚ್‌ಸ್ಕ್ರೀನ್ ಉಪಕರಣ ಮತ್ತು ಆಕ್ಸಿಮೀಟರ್ ಕೊಟ್ಟು, ದಿನವೂ ಲಕ್ಷಣಗಳನ್ನು ದಾಖಲಿಸಲು ಹೇಳಲಾಯಿತು. ವೈದ್ಯಕೀಯ ತಂಡ ಅವನ್ನು ದೂರದಿಂದ ಗಮನಿಸುತ್ತಿತ್ತು. ಉಳಿದ ಅರ್ಧಕ್ಕೆ ಉಪಕರಣ ಇರಲಿಲ್ಲ, ಆದರೆ ಅದೇ ತಂಡದ ಆರೈಕೆ, ಅದೇ ತಿಳಿವಳಿಕೆ ಸಿಕ್ಕಿತ್ತು. ವರ್ಷದ ಕೊನೆಗೆ ಆಸ್ಪತ್ರೆ ಸೇರುವವರೆಗಿನ ಸರಾಸರಿ ಅವಧಿ ಒಂದು ಗುಂಪಿನಲ್ಲಿ 362 ದಿನ, ಇನ್ನೊಂದರಲ್ಲಿ 361 ದಿನ. ಬದುಕಿನ ಗುಣಮಟ್ಟದಲ್ಲೂ ವ್ಯತ್ಯಾಸ ಕಾಣಲಿಲ್ಲ. ದೂರದಿಂದ ನಿಗಾ ಇಡುವ ವ್ಯವಸ್ಥೆಗಳ ಕುರಿತ 29 ಅಧ್ಯಯನಗಳನ್ನು 2021ರಲ್ಲಿ ಪರಾಮರ್ಶಿಸಿದ ಕಾಕ್ರೇನ್ ಸಂಸ್ಥೆಯ ವರದಿಯೂ ಇದೇ ಹಾದಿಯಲ್ಲಿದೆ: ನಿಗಾ ಮಾತ್ರದಿಂದ ಹೆಚ್ಚಿನ ಪ್ರಯೋಜನಕ್ಕೆ ಆಧಾರ ಸಿಗಲಿಲ್ಲ.

ಇದಕ್ಕೆ ಎದುರಾಗಿ ಕೆನಡಾದ ಕ್ವಿಬೆಕ್ ಪ್ರಾಂತದ ಏಳು ಆಸ್ಪತ್ರೆಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಬೇಕು. ಅಲ್ಲಿ ಆ್ಯಪ್ ಇರಲಿಲ್ಲ, ಇಂದಿನಂಥ ಸ್ಮಾರ್ಟ್‌ಫೋನ್ ಬಂದಿರಲಿಲ್ಲ. ತರಬೇತಾದ ಆರೋಗ್ಯ ಸಿಬ್ಬಂದಿ ಸುಮಾರು ಎರಡು ತಿಂಗಳ ಕಾಲ ವಾರಕ್ಕೊಮ್ಮೆ ರೋಗಿಗಳಿಗೆ ಕಾಯಿಲೆಯ ಬಗ್ಗೆ ಕಲಿಸಿದರು, ಕೆಟ್ಟಾಗ ಏನು ಮಾಡಬೇಕೆಂಬ ಲಿಖಿತ ಯೋಜನೆ ಕೊಟ್ಟರು, ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸಿದರು. 191 ರೋಗಿಗಳ ಆ ಅಧ್ಯಯನದಲ್ಲಿ, ಉಲ್ಬಣದಿಂದ ಆಸ್ಪತ್ರೆ ಸೇರುವುದು ಶೇ 39.8ರಷ್ಟು ಇಳಿಯಿತು. ಎರಡೂ ಅಧ್ಯಯನಗಳನ್ನು ಜೊತೆಗಿಟ್ಟರೆ ಪಾಠ ತಾನಾಗಿ ತೆರೆದುಕೊಳ್ಳುತ್ತದೆ. ಕ್ವಿಬೆಕ್‌ನಲ್ಲಿ ರೋಗಿಗೆ ಹೊಸದಾಗಿ ಸಿಕ್ಕಿದ್ದು ತಿಳಿವಳಿಕೆ, ಯೋಜನೆ ಮತ್ತು ವಿಚಾರಿಸುವ ದನಿ. ಲೋಥಿಯನ್‌ನಲ್ಲಿ ಅವೆಲ್ಲ ಎರಡೂ ಗುಂಪಿಗೆ ಮೊದಲೇ ಇದ್ದವು. ಅದರ ಮೇಲೆ ಯಂತ್ರವನ್ನು ಸೇರಿಸಿದ್ದರಿಂದ ಹೆಚ್ಚಿಗೆ ಏನೂ ದಕ್ಕಲಿಲ್ಲ. 2022ರಲ್ಲಿ ಕಾಕ್ರೇನ್ 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸ್ವನಿರ್ವಹಣೆಯ ತರಬೇತಿ ಪಡೆದವರ ಬದುಕಿನ ಗುಣಮಟ್ಟ ಸುಧಾರಿಸಿತ್ತು, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗಿತ್ತು.

ಹಾಗಾದರೆ ಯೋಜನೆಯೊಂದನ್ನು ಕೈಗಿತ್ತು ರೋಗಿಯನ್ನು ಅವರ ಪಾಡಿಗೆ ಬಿಡಬಹುದೇ? ಬಿಡಬಾರದು ಎನ್ನಲು ಗಂಭೀರವಾದ ಪುರಾವೆಯೊಂದಿದೆ. ಅಮೆರಿಕದ ಮಾಜಿ ಸೈನಿಕರ 20 ಆಸ್ಪತ್ರೆಗಳಲ್ಲಿ 426 ರೋಗಿಗಳ ಮೇಲೆ ಇಂಥದೇ ಕಾರ್ಯಕ್ರಮವನ್ನು ಪರೀಕ್ಷಿಸುತ್ತಿದ್ದಾಗ, ತರಬೇತಿ ಮತ್ತು ಯೋಜನೆ ಪಡೆದ ಗುಂಪಿನಲ್ಲಿ 28 ಸಾವು, ಪಡೆಯದ ಗುಂಪಿನಲ್ಲಿ 10 ಸಾವು ಆದದ್ದು ಕಂಡು ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. 2012ರಲ್ಲಿ ಅದರ ವರದಿ ಬಂತು. ಆ ವ್ಯತ್ಯಾಸಕ್ಕೆ ಪೂರ್ತಿ ಕಾರಣ ಸಿಗಲಿಲ್ಲ. 2022ರ ಕಾಕ್ರೇನ್ ಪರಾಮರ್ಶೆಯಲ್ಲಿ ಎಲ್ಲ ಅಧ್ಯಯನಗಳನ್ನು ಸೇರಿಸಿದಾಗ ಸಾವಿನ ಹೆಚ್ಚಳ ಕಾಣಲಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೂ ಈ ಘಟನೆಯನ್ನು ಮರೆಯುವಂತಿಲ್ಲ. ತಾನೇ ನೋಡಿಕೊಳ್ಳುವುದು ಎಂದರೆ ವೈದ್ಯರಿಂದ ದೂರ ಉಳಿಯುವುದು ಎಂದಾಗಬಾರದು. ಉಲ್ಬಣಕ್ಕೆಂದು ಮನೆಯಲ್ಲಿಟ್ಟ ಮಾತ್ರೆ ಶುರುಮಾಡಿದ ದಿನವೇ ವೈದ್ಯರಿಗೆ ತಿಳಿಸುವುದು, ಹೇಳಿದ ಅವಧಿಯೊಳಗೆ ಸುಧಾರಿಸದಿದ್ದರೆ ಹೋಗಿ ತೋರಿಸುವುದು ಯೋಜನೆಯ ಭಾಗವೇ ಆಗಿರಬೇಕು. ಫೋನಿನ ಅತಿ ದೊಡ್ಡ ಉಪಯೋಗ ಇಲ್ಲೇ ಇದೆ. ಅದು ಮೊದಲಿಗೆ ಮಾತಾಡುವ ಸಾಧನ, ಅಳೆಯುವ ಸಾಧನ ಆಮೇಲೆ.

ಮೊದಲ ಹೆಜ್ಜೆ: ಒಂದು ಹಾಳೆ

ಆ್ಯಪ್ ಹುಡುಕುವ ಮೊದಲು, ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರಿಂದ ಒಂದು ಹಾಳೆಯ ಯೋಜನೆಯನ್ನು ಬರೆಸಿಕೊಳ್ಳಿ. ಸಂಚಾರ ದೀಪದ ಹಾಗೆ ಹಸಿರು, ಹಳದಿ, ಕೆಂಪು ಎಂದು ಮೂರು ಭಾಗ ಮಾಡುವ ರೂಢಿ ಎಲ್ಲೆಡೆ ಇದೆ, ನೆನಪಿಡಲೂ ಸುಲಭ. ಹಸಿರು ಭಾಗದಲ್ಲಿ ನಿಮ್ಮ ಮಾಮೂಲಿ ಸ್ಥಿತಿ ಇರಲಿ: ನಿಲ್ಲದೆ ಎಷ್ಟು ದೂರ ನಡೆಯಬಲ್ಲಿರಿ, ಕಫ ಎಷ್ಟು, ಯಾವ ಬಣ್ಣ, ವಿಶ್ರಾಂತಿಯಲ್ಲಿದ್ದಾಗ ಆಮ್ಲಜನಕದ ಮಟ್ಟ ಎಷ್ಟಿರುತ್ತದೆ, ದಿನವೂ ತೆಗೆದುಕೊಳ್ಳುವ ಔಷಧಿ ಯಾವುದು. ಮಾಮೂಲಿ ಏನೆಂದು ಗೊತ್ತಿಲ್ಲದೆ ಬದಲಾವಣೆ ಗುರುತಿಸಲಾಗುವುದಿಲ್ಲ. ಹಳದಿ ಭಾಗದಲ್ಲಿ ಉಲ್ಬಣದ ಲಕ್ಷಣಗಳು, ತಕ್ಷಣ ಉಪಶಮನ ಕೊಡುವ ಪಂಪನ್ನು ಎಷ್ಟು ಸಲ ಬಳಸಬಹುದು, ಸ್ಟೀರಾಯ್ಡ್ ಅಥವಾ ಆ್ಯಂಟಿಬಯಾಟಿಕ್ ಮಾತ್ರೆ ಮನೆಯಲ್ಲಿ ಇಟ್ಟುಕೊಳ್ಳಬೇಕೇ, ಇಟ್ಟುಕೊಂಡರೆ ಯಾವಾಗ ಶುರುಮಾಡಿ ಎಷ್ಟು ದಿನ ತೆಗೆದುಕೊಳ್ಳಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದಿರಲಿ. ಈ ಮಾತ್ರೆಗಳನ್ನು ಬರೆದುಕೊಡುವ ನಿರ್ಧಾರ ವೈದ್ಯರದು. ಔಷಧಿ ಅಂಗಡಿಯಲ್ಲಿ ಕೇಳಿ ತಂದುಕೊಳ್ಳುವ ಅಭ್ಯಾಸ ಅಪಾಯಕಾರಿ. ಪದೇ ಪದೇ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ಕೆಂಪು ಭಾಗದಲ್ಲಿ ಕಾಯಲೇಬಾರದ ಲಕ್ಷಣಗಳಿರುತ್ತವೆ: ಕೂತಲ್ಲೇ ತಡೆಯಲಾಗದ ಏದುಸಿರು, ಒಂದು ವಾಕ್ಯ ಪೂರ್ತಿ ಆಡಲಾಗದ ಸ್ಥಿತಿ, ತುಟಿ ಅಥವಾ ಉಗುರು ನೀಲಿಗಟ್ಟುವುದು, ಗೊಂದಲ ಅಥವಾ ಅತಿಯಾದ ನಿದ್ದೆಮಂಪರು, ಎದೆನೋವು, ಕೆಮ್ಮಿದಾಗ ರಕ್ತ. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಬೇಕು. ಆ ಹೊತ್ತಿನಲ್ಲಿ ಆ್ಯಪ್ ತೆರೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ಉತ್ತರಕ್ಕಾಗಿ ಕಾಯುವುದು ಸಲ್ಲದು. ಮನೆಯಲ್ಲಿ ಆಮ್ಲಜನಕದ ಯಂತ್ರವಿದ್ದರೆ ಇನ್ನೊಂದು ಮಾತು. ಸಿಒಪಿಡಿಯ ಕೆಲವು ರೋಗಿಗಳಲ್ಲಿ ಆಮ್ಲಜನಕ ಅಗತ್ಯಕ್ಕಿಂತ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ಆಮ್ಲಜನಕದ ಮಟ್ಟದ ಗುರಿ ಇಡುವುದು ಶೇ 88ರಿಂದ 92ರ ನಡುವೆ. ದಮ್ಮು ಹೆಚ್ಚಿತೆಂದು ಯಂತ್ರದ ಹರಿವನ್ನು ತಾವಾಗಿ ಏರಿಸಬಾರದು. ನಿಮ್ಮ ಗುರಿ ಎಷ್ಟೆಂಬುದನ್ನು ಹಾಳೆಯಲ್ಲೇ ಬರೆಸಿಕೊಳ್ಳಿ. ಹಾಳೆ ಸಿದ್ಧವಾದ ಮೇಲೆ ಅದರ ಫೋಟೊ ತೆಗೆದು ನಿಮ್ಮ ಫೋನಿನಲ್ಲೂ, ಮನೆಯಲ್ಲಿ ಇನ್ನಿಬ್ಬರ ಫೋನಿನಲ್ಲೂ ಇಡಿ. ನಿಮಗೆ ಬೇಕಾದ ಡಿಜಿಟಲ್ ನೆರವಿನಲ್ಲಿ ಬಹುಪಾಲು ಇದರಲ್ಲೇ ಬಂತು.

ಫೋನಿಗೆ ಒಪ್ಪಿಸಬಹುದಾದ ಕೆಲಸಗಳು

ಮೊದಲನೆಯದು ಪಂಪ್ ಬಳಸುವ ಕ್ರಮ. 40 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಪರಾಮರ್ಶೆಯೊಂದರ ಪ್ರಕಾರ, ಇನ್ಹೇಲರ್ ಅನ್ನು ಸರಿಯಾಗಿ ಬಳಸುತ್ತಿದ್ದವರು ಶೇ 31 ಮಂದಿ ಮಾತ್ರ. ಆ 40 ವರ್ಷಗಳಲ್ಲಿ ಪರಿಸ್ಥಿತಿ ಸುಧಾರಿಸಿಯೂ ಇರಲಿಲ್ಲ. ಎಷ್ಟು ಒಳ್ಳೆಯ ಔಷಧಿಯಾದರೂ ಶ್ವಾಸಕೋಶ ತಲುಪದೆ ಗಂಟಲಲ್ಲೇ ಉಳಿದರೆ ವ್ಯರ್ಥ. ಒತ್ತಿದರೆ ಚಿಮ್ಮುವ ಪಂಪನ್ನು ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಆಳವಾಗಿ ಎಳೆಯುತ್ತ ಒತ್ತಬೇಕು. ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಕ್ಯಾಪ್ಸೂಲ್ ಹಾಕಿ ಸೇದುವ ರೋಟಾಹೇಲರ್‌ನಂಥ ಉಪಕರಣದಲ್ಲಿ ಎಳೆತ ಜೋರಾಗಿರಬೇಕು, ಅದರೊಳಗೆ ಊದಬಾರದು, ಕ್ಯಾಪ್ಸೂಲನ್ನು ನುಂಗಲೂಬಾರದು. ಒಂದಕ್ಕೆ ನಿಧಾನ, ಇನ್ನೊಂದಕ್ಕೆ ವೇಗ. ಎರಡನ್ನೂ ಬಳಸುವವರು ಗೊಂದಲಕ್ಕೆ ಬೀಳುವುದು ಇಲ್ಲೇ. ಪಂಪಿಗೆ ಸ್ಪೇಸರ್ ಎಂಬ ಕೊಳವೆ ಜೋಡಿಸಿದರೆ ಕೆಲಸ ಸುಲಭ, ಸ್ಟೀರಾಯ್ಡ್ ಇರುವ ಔಷಧಿಯಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ನೀವು ಔಷಧಿ ತೆಗೆದುಕೊಳ್ಳುವುದನ್ನು ಮನೆಯವರಿಂದ ವಿಡಿಯೊ ಮಾಡಿಸಿ ವೈದ್ಯರಿಗೋ ನರ್ಸ್‌ಗೋ ತೋರಿಸಿ. ಒಂದು ನಿಮಿಷದ ವಿಡಿಯೊ ವರ್ಷಗಳ ತಪ್ಪನ್ನು ತಿದ್ದಬಲ್ಲದು. ಔಷಧಿಯ ಹೊತ್ತಿಗೆ ಅಲಾರಂ ಇಡುವುದು, ಪಂಪಿನಲ್ಲಿ ಉಳಿದ ಡೋಸ್ ಎಣಿಸುವುದು, ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ವೈದ್ಯರು ಹೇಳಿದಾಗ ನ್ಯುಮೋನಿಯಾ ಲಸಿಕೆಯ ದಿನ ನೆನಪಿಸುವುದು ಕೂಡ ಫೋನಿನ ಕೆಲಸವೇ.

ಎರಡನೆಯದು ವ್ಯಾಯಾಮ. ಏದುಸಿರಿಗೆ ಹೆದರಿ ನಡೆಯುವುದು ಬಿಟ್ಟರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಉಸಿರು ಬೇಡುತ್ತದೆ. ದಮ್ಮು ಮತ್ತೂ ಏರುತ್ತದೆ. ಈ ಸುಳಿಯಿಂದ ಮೇಲೆತ್ತುವುದು ಪಲ್ಮನರಿ ರಿಹ್ಯಾಬಿಲಿಟೇಶನ್ ಎಂಬ ವ್ಯಾಯಾಮ, ಶಿಕ್ಷಣ ಸೇರಿದ ಕಾರ್ಯಕ್ರಮ. ಸಿಒಪಿಡಿಯಲ್ಲಿ ಇದಕ್ಕಿರುವಷ್ಟು ಗಟ್ಟಿ ಆಧಾರ ಕೆಲವೇ ಚಿಕಿತ್ಸೆಗಳಿಗಿದೆ. ನಮ್ಮಲ್ಲಿ ಇದು ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಷ್ಟೇ ಸಿಗುತ್ತದೆ. ವಾರಕ್ಕೆ ಎರಡು ಸಲ ಹಳ್ಳಿಯಿಂದ ಬಸ್ ಹತ್ತಿ ಹೋಗುವುದು ಉಸಿರಾಡಲು ಕಷ್ಟಪಡುವವರಿಗೆ ಆಗದ ಮಾತು. ಫೋನ್ ನಿಜವಾಗಿ ದಾರಿ ಮಾಡಿಕೊಟ್ಟಿರುವುದು ಇಲ್ಲಿ. ವಿಡಿಯೊ ಕರೆ, ಫೋನ್ ಅಥವಾ ವೆಬ್‌ಸೈಟ್ ಮೂಲಕ ಮನೆಯಲ್ಲೇ ಮಾಡಿಸುವ ರಿಹ್ಯಾಬಿಲಿಟೇಶನ್ ಕುರಿತ 15 ಅಧ್ಯಯನಗಳನ್ನು, 1,904 ಜನರನ್ನು ಒಳಗೊಂಡ 2021ರ ಕಾಕ್ರೇನ್ ಪರಾಮರ್ಶೆ, ಅದರ ಫಲ ಆಸ್ಪತ್ರೆಗೆ ಹೋಗಿ ಮಾಡುವುದಕ್ಕೆ ಹೆಚ್ಚುಕಡಿಮೆ ಸಮನಾಗಿದೆ ಎಂದಿತು. ಶುರುಮಾಡುವ ಮೊದಲು ವೈದ್ಯರೋ ಫಿಸಿಯೊಥೆರಪಿಸ್ಟರೋ ಒಮ್ಮೆ ಎದುರಿಗೆ ಪರೀಕ್ಷಿಸಬೇಕು. ಆಮೇಲೆ ಕುರ್ಚಿಯಿಂದ ಎದ್ದು ಕೂರುವುದು, ಸಮತಟ್ಟು ಜಾಗದಲ್ಲಿ ನಡೆಯುವುದು, ನೀರಿನ ಬಾಟಲಿ ಹಿಡಿದು ತೋಳೆತ್ತುವುದು ಇವೆಲ್ಲ ಮನೆಯಲ್ಲೇ ಆಗುತ್ತವೆ. ಮೂಗಿನಿಂದ ಉಸಿರೆಳೆದು, ತುಟಿಗಳನ್ನು ಸೀಟಿ ಹಾಕುವಂತೆ ಮುಂದೆ ಮಾಡಿ ನಿಧಾನವಾಗಿ ಹೊರಬಿಡುವ ಕ್ರಮವನ್ನು ಇದರ ಜೊತೆಗೇ ಕಲಿಯಿರಿ. ಸಿಕ್ಕಿಕೊಂಡ ಗಾಳಿ ಹೊರಬರಲು ಅದು ನೆರವಾಗುತ್ತದೆ.

ಮೂರನೆಯದು ಅಳತೆ, ಅದೂ ಮಿತವಾಗಿ. ಸಿಒಪಿಡಿಗೆಂದೇ ಇರುವ ಕ್ಯಾಟ್ ಎಂಬ ಪ್ರಶ್ನಾವಳಿಯಲ್ಲಿ ಕೆಮ್ಮು, ಕಫ, ಎದೆ ಬಿಗಿತ, ಹತ್ತುವಾಗಿನ ದಮ್ಮು, ಮನೆಗೆಲಸ, ಹೊರಗೆ ಹೋಗುವ ಧೈರ್ಯ, ನಿದ್ದೆ, ತ್ರಾಣ ಎಂಬ ಎಂಟು ವಿಷಯಗಳಿವೆ. ಒಂದೊಂದಕ್ಕೆ 0ಯಿಂದ 5, ಒಟ್ಟು 40 ಅಂಕ. ಅಂಕ ಹೆಚ್ಚಾದಷ್ಟೂ ಕಾಯಿಲೆಯ ಬಾಧೆ ಹೆಚ್ಚು. ಎರಡು ಅಂಕದ ಏರಿಳಿತವನ್ನೂ ವೈದ್ಯರು ಗಣನೆಗೆ ತೆಗೆದುಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಇದನ್ನು ತುಂಬಿ ಫೋನಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಭೇಟಿಯ ಹತ್ತು ನಿಮಿಷ ಸಾರ್ಥಕವಾಗುತ್ತದೆ. ಆಕ್ಸಿಮೀಟರ್ ಬಳಸುವವರು ಐದು ನಿಮಿಷ ಸುಮ್ಮನೆ ಕೂತು, ಬೆಚ್ಚಗಿರುವ ಬೆರಳಿಗೆ ಹಾಕಿ, ಅಂಕಿ ನಿಂತ ಮೇಲೆ ಓದಬೇಕು. ಉಗುರುಬಣ್ಣ, ತಣ್ಣಗಿನ ಕೈ ಅಳತೆಯನ್ನು ಕೆಡಿಸುತ್ತವೆ. ಇನ್ನೊಂದು ಮಿತಿ ನಮ್ಮವರು ತಿಳಿದಿರಲೇಬೇಕು. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಮ್ಲಜನಕ ನಿಜವಾಗಿ ಇಳಿದಿದ್ದರೂ ಆಕ್ಸಿಮೀಟರ್ ಸರಿಯಿದೆ ಎಂದು ತೋರಿಸಿದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ವರ್ಣದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಚರ್ಮದ ಬಣ್ಣ ಗಾಢವಾದಷ್ಟೂ ಯಂತ್ರ ಎಡವಬಹುದು. ಆದ್ದರಿಂದ ಅಂಕಿ ಚೆನ್ನಾಗಿದ್ದು ಲಕ್ಷಣ ಕೆಟ್ಟಿದ್ದರೆ ಲಕ್ಷಣವನ್ನೇ ನಂಬಿ.

ನಾಲ್ಕನೆಯದು, ಈಗಾಗಲೇ ಇರುವ ಸಾರ್ವಜನಿಕ ಸೇವೆಗಳನ್ನು ಫೋನಿನಿಂದ ತಲುಪುವುದು. ತಂಬಾಕು ಬಿಡುವುದು ಈ ಕಾಯಿಲೆಯಲ್ಲಿ ಎಲ್ಲ ಔಷಧಿಗಿಂತ ಮಿಗಿಲು. ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-112-356ಕ್ಕೆ ಕರೆ ಉಚಿತ, ದಕ್ಷಿಣ ರಾಜ್ಯಗಳ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ಉಸಿರು ಕಟ್ಟುವ ಭಯ ಅನುಭವಿಸಿದವರಲ್ಲಿ ಆತಂಕ, ಖಿನ್ನತೆ ಸಾಮಾನ್ಯ. ಅದಕ್ಕೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದೂರದ ಊರಿನವರಿಗೆ ಕೇಂದ್ರ ಸರ್ಕಾರದ ಇ-ಸಂಜೀವಿನಿ ಮೂಲಕ ವೈದ್ಯರ ಸಲಹೆ ಸಿಗುತ್ತದೆ. ಸ್ವಂತ ಸ್ಮಾರ್ಟ್‌ಫೋನ್ ಇಲ್ಲದವರು ಆರೋಗ್ಯ ಕೇಂದ್ರದಲ್ಲಿ ಕೂತು ಈ ಸೌಲಭ್ಯ ಪಡೆಯಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಮಾಪನ ಕೇಂದ್ರವಿರುವ ಊರುಗಳ ಗಾಳಿಯ ಗುಣಮಟ್ಟ ತೋರಿಸುತ್ತದೆ. ಕೆಟ್ಟ ದಿನಗಳಲ್ಲಿ ವಾಹನ ದಟ್ಟಣೆಯ ಹೊತ್ತಿನ ವಾಕಿಂಗ್ ಬಿಟ್ಟು ಮನೆಯೊಳಗೇ ವ್ಯಾಯಾಮ ಮಾಡಬಹುದು. ಅಡುಗೆಮನೆಯ ಹೊಗೆಯನ್ನು ಮಾತ್ರ ಯಾವ ಆ್ಯಪ್ ಕೂಡ ತೋರಿಸುವುದಿಲ್ಲ. ಗ್ಯಾಸ್ ಸಂಪರ್ಕವಿದ್ದೂ ನೀರು ಕಾಯಿಸಲು, ಮುದ್ದೆ ಬೇಯಿಸಲು ಸೌದೆ ಒಲೆ ಉರಿಯುವ ಮನೆಗಳಲ್ಲಿ ರೋಗಿಯನ್ನು ಒಲೆಯಿಂದ ದೂರವಿಡುವುದು ಮನೆಯವರ ಹೊಣೆ.

ಆಕ್ಷೇಪಗಳು ಮತ್ತು ಉತ್ತರ

ಈ ಕಾಯಿಲೆ ಬರುವುದು ಬಹುಪಾಲು ವಯಸ್ಸಾದವರಿಗೆ, ಬಡವರಿಗೆ. ಅವರಿಗೆ ಡಿಜಿಟಲ್ ಮಾತು ಎಷ್ಟು ಪ್ರಸ್ತುತ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲೇ ಇಂಟರ್‌ನೆಟ್ ಒಮ್ಮೆಯಾದರೂ ಬಳಸಿದವರು ದೇಶದಲ್ಲಿ ಶೇ 33, ಗಂಡಸರಲ್ಲಿ ಶೇ 57. ಒಲೆಯ ಮುಂದೆ ಬದುಕು ಕಳೆದ ಅರವತ್ತರ ಅಜ್ಜಿಯ ಕೈಗೆ ಇಂಗ್ಲಿಷ್ ಆ್ಯಪ್ ಕೊಟ್ಟರೆ ಆಕೆಯನ್ನು ಇನ್ನಷ್ಟು ಅಸಹಾಯಕಳನ್ನಾಗಿ ಮಾಡಿದಂತೆ. ಆದರೆ ಕ್ವಿಬೆಕ್‌ನಲ್ಲಿ ಕೆಲಸ ಮಾಡಿದ್ದು ತಿಳಿವಳಿಕೆ, ಯೋಜನೆ ಮತ್ತು ಸಾದಾ ಫೋನ್ ಕರೆ. ಬಟನ್ ಫೋನಿನಲ್ಲೂ ಅಲಾರಂ ಇದೆ, ಆಪ್ತರ ನಂಬರ್ ಇದೆ, 108 ಇದೆ. ಯೋಜನೆಯ ಹಾಳೆಯನ್ನು ಬಣ್ಣ ಮತ್ತು ಚಿತ್ರಗಳಲ್ಲಿ ಬರೆಸಿ ಗೋಡೆಗೆ ಅಂಟಿಸಬಹುದು. ಮಗನೋ ಸೊಸೆಯೋ ಮೊಮ್ಮಗಳೋ ಫೋನಿನ ಕೆಲಸ ನೋಡಿಕೊಳ್ಳಬಹುದು. ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರುವ ಮಕ್ಕಳು ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುವಾಗ ಊಟ ಆಯಿತೇ ಎಂಬ ಮಾತಿನ ಜೊತೆಗೆ ಪಂಪ್ ಬಳಸಿ ತೋರಿಸು ಎನ್ನಬಹುದು, ಕಫದ ಬಣ್ಣ ಕೇಳಬಹುದು. ಆಶಾ ಕಾರ್ಯಕರ್ತೆಯರಿಗೂ ಆ ಹಾಳೆಯನ್ನು ತೋರಿಸಿಡುವುದು ಒಳ್ಳೆಯದು.

ಇಂಥ ಆ್ಯಪ್‌ಗಳಿಗೆ ವೈಜ್ಞಾನಿಕ ಆಧಾರವೇ ದುರ್ಬಲವಾಗಿರುವಾಗ ಶಿಫಾರಸು ಏಕೆ ಎನ್ನುವುದು ಇನ್ನೊಂದು ಪ್ರಶ್ನೆ. ಡಿಜಿಟಲ್ ಉಪಾಯಗಳ ಕುರಿತ 2021ರ ಇನ್ನೊಂದು ಕಾಕ್ರೇನ್ ಪರಾಮರ್ಶೆ 14 ಅಧ್ಯಯನಗಳನ್ನು ನೋಡಿ, ಲಾಭವಿದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದದ್ದು ನಿಜ. ಆದರೆ ಇಲ್ಲಿ ಹೇಳುತ್ತಿರುವುದು ಆ್ಯಪನ್ನು ನಂಬಿ ಎಂದಲ್ಲ. ಲಿಖಿತ ಯೋಜನೆ, ಸರಿಯಾದ ಪಂಪ್ ಬಳಕೆ, ವ್ಯಾಯಾಮ, ತಂಬಾಕು ತ್ಯಾಗ ಇವುಗಳಿಗೆ ಸ್ವತಂತ್ರ ಆಧಾರವಿದೆ. ಫೋನ್ ಅವನ್ನು ಮನೆಗೆ ತಲುಪಿಸುವ ದಾರಿ. ದಿನಕ್ಕೆ ಹತ್ತು ಸಲ ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡರೆ ಭಯ ಬೆಳೆಯುತ್ತದೆ ಎಂಬ ಮಾತೂ ಸರಿಯೇ. ಅದಕ್ಕೇ ಯಾವಾಗ ಅಳೆಯಬೇಕು, ಯಾವ ಅಂಕಿಗೆ ಏನು ಮಾಡಬೇಕು ಎಂದು ವೈದ್ಯರಿಂದ ಮೊದಲೇ ತಿಳಿದಿರಬೇಕು. ವೈದ್ಯರಿಗೆ ಇಷ್ಟೆಲ್ಲ ಬರೆದುಕೊಡಲು ಪುರುಸೊತ್ತು ಎಲ್ಲಿ ಎಂಬುದು ಮೂರನೆಯ ಆಕ್ಷೇಪ. ಮೂರು ಭಾಗದ ಹಾಳೆಯನ್ನು ನೀವೇ ಗೆರೆ ಎಳೆದು, ಹಸಿರು ಭಾಗವನ್ನು ತುಂಬಿಕೊಂಡು ಹೋದರೆ ಉಳಿದ ಎರಡು ಭಾಗಕ್ಕೆ ಐದು ನಿಮಿಷ ಸಾಕು. ಸರ್ಕಾರ ಇದನ್ನು ಒಬ್ಬೊಬ್ಬ ರೋಗಿಯ ಹಟಕ್ಕೆ ಬಿಡದೆ, ಮಧುಮೇಹ, ರಕ್ತದೊತ್ತಡಕ್ಕೆ ಕಾರ್ಡ್ ಇರುವಂತೆ ಸಿಒಪಿಡಿ ರೋಗಿಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕನ್ನಡದ ಹಾಳೆ ಕೊಡಬೇಕು. ಅದಕ್ಕೆ ತಗಲುವ ಖರ್ಚು ಒಂದು ದಿನದ ಐಸಿಯು ಬಿಲ್ಲಿನ ಮುಂದೆ ಏನೇನೂ ಅಲ್ಲ.

ಆ್ಯಪ್ ಆರಿಸುವುದಾದರೆ

ಇಷ್ಟರ ಮೇಲೂ ಆ್ಯಪ್ ಬೇಕೆನಿಸಿದರೆ ಕೆಲವು ಪ್ರಶ್ನೆ ಹಾಕಿಕೊಳ್ಳಿ. ಯಾವ ಆಸ್ಪತ್ರೆ ಅಥವಾ ವೈದ್ಯಕೀಯ ಸಂಸ್ಥೆ ಇದರ ಹಿಂದಿದೆ? ಕನ್ನಡದಲ್ಲಿದೆಯೇ, ಅಕ್ಷರ ದೊಡ್ಡದಾಗಿ ಕಾಣುತ್ತದೆಯೇ? ನಿಮ್ಮ ವೈದ್ಯರು ಬರೆದ ಯೋಜನೆಯನ್ನು ಅದರಲ್ಲಿ ಸೇರಿಸಬಹುದೇ? ಕೆಂಪು ಲಕ್ಷಣ ದಾಖಲಿಸಿದರೆ ಆ ಕಡೆ ನೋಡುವವರು ಯಾರಾದರೂ ಇದ್ದಾರೆಯೇ, ಅಥವಾ ಅಂಕಿ ಸುಮ್ಮನೆ ಸರ್ವರ್‌ನಲ್ಲಿ ಬಿದ್ದಿರುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಆ್ಯಪನ್ನು ಡೈರಿಯಂತೆ ಬಳಸಿ, ಕಾವಲುಗಾರನೆಂದು ನಂಬಬೇಡಿ. ಶ್ವಾಸಕೋಶವನ್ನು ಪೂರ್ತಿ ಗುಣಪಡಿಸುತ್ತೇವೆ, ಇನ್ಹೇಲರ್ ಬಿಡಿಸುತ್ತೇವೆ ಎನ್ನುವ ಆ್ಯಪ್, ಯೂಟ್ಯೂಬ್ ಚಾನೆಲ್‌ಗಳಿಂದ ದೂರವಿರಿ. ಇನ್ಹೇಲರ್ ಚಟವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆಗಿಂತ ತೀರ ಕಡಿಮೆ ಪ್ರಮಾಣದ ಔಷಧಿಯಲ್ಲೇ ಅದು ಕೆಲಸ ಮಾಡುತ್ತದೆ. ನಿಮ್ಮ ಆರೋಗ್ಯದ ಮಾಹಿತಿ ನಿಮ್ಮದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನು ಕೊಡುತ್ತದೆ. ಉಸಿರಾಟದ ಡೈರಿ ಬರೆಯಲು ಸಂಪರ್ಕಪಟ್ಟಿ, ಫೋಟೊಗಳ ಅನುಮತಿ ಕೇಳುವ ಆ್ಯಪ್ ಅನುಮಾನಕ್ಕೆ ಅರ್ಹ.

ಉಪಕರಣ ಎಷ್ಟು ದುಬಾರಿ, ಆ್ಯಪ್ ಎಷ್ಟು ಹೊಸದು ಎಂಬುದು ಈ ಕಾಯಿಲೆಯಲ್ಲಿ ರೋಗಿಯನ್ನು ಕಾಯುವುದಿಲ್ಲ. ಕೆಡುತ್ತಿರುವುದನ್ನು ಗುರುತಿಸಿದ ಗಳಿಗೆಗೂ ಸರಿಯಾದ ಚಿಕಿತ್ಸೆ ಸಿಗುವ ಗಳಿಗೆಗೂ ನಡುವಿನ ಅಂತರವನ್ನು ಕಿರಿದು ಮಾಡುವುದೇ ಕಾಯುತ್ತದೆ. ಆ ಅಂತರ ಕಿರಿದಾಗಲು ರೋಗಿಗೆ ತಿಳಿವಳಿಕೆ ಬೇಕು, ಮನೆಯವರಿಗೆ ಪಾತ್ರ ಬೇಕು, ಕರೆ ಎತ್ತುವ ಆರೋಗ್ಯ ಸಿಬ್ಬಂದಿ ಬೇಕು. ಇವು ಮೂರೂ ಇದ್ದಲ್ಲಿ ಸಾವಿರ ರೂಪಾಯಿಯ ಫೋನ್ ಕೂಡ ಸಾಕಾಗುತ್ತದೆ. ಇಲ್ಲದಿದ್ದಲ್ಲಿ ಐವತ್ತು ಸಾವಿರದ ಫೋನ್ ಕೂಡ ಸಾಲದು. ಆದ್ದರಿಂದ ಮುಂದಿನ ಸಲ ವೈದ್ಯರನ್ನು ಕಾಣಲು ಹೋಗುವಾಗ ಮೂರನ್ನು ಒಯ್ಯಿರಿ: ನೀವು ಬಳಸುವ ಎಲ್ಲ ಪಂಪುಗಳು, ಅವನ್ನು ಬಳಸುವ ಕ್ರಮದ ಒಂದು ವಿಡಿಯೊ, ಮೂರು ಭಾಗ ಮಾಡಿ ಹಸಿರು ಭಾಗ ತುಂಬಿದ ಹಾಳೆ. ಆ ಹಾಳೆ ತುಂಬದೆ ಎದ್ದು ಬರಬೇಡಿ, ಕೆಟ್ಟ ದಿನ ಯಾರಿಗೆ ಫೋನ್ ಮಾಡಬೇಕೆಂಬ ನಂಬರನ್ನು ಅದರ ಮೇಲೆ ಬರೆಸಿಕೊಳ್ಳಲು ಮರೆಯಬೇಡಿ.